ನಾಲ್ವರ ರಕ್ತ

ಔಷಧಿಗಳನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಕೇಂದ್ರದಲ್ಲಿ ರಕ್ತ ತೆಗೆಯುತ್ತಿದ್ದ ನರ್ಸನ್ನು ಎಲ್ಲರೂ ‘ಹೂಗೈ ಅಕ್ಕ’ ಎನ್ನುತ್ತಿದ್ದರು. ಅವಳು ಸೂಜಿ ಚುಚ್ಚಿದ್ದು ಚುಚ್ಚಿಸಿಕೊಂಡವರಿಗೇ ಗೊತ್ತಾಗುತ್ತಿರಲಿಲ್ಲ.

ಆ ಸಲ ಹನ್ನೆರಡು ಜನ ಆರೋಗ್ಯವಂತರು ಒಪ್ಪಿ ಬಂದಿದ್ದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯ ಜೊತೆ ಹೊಸದೊಂದು ನೋವಿನ ಮಾತ್ರೆ ನುಂಗಿದರೆ ಏನಾದೀತು ಎಂಬುದು ಪ್ರಶ್ನೆ. ಹಿಂದೆ ಇದನ್ನೇ ನೋಡಿದ ಎರಡು ಅಧ್ಯಯನಗಳಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಿತ್ತು. ಇಲ್ಲಿಯೂ ಅದೇ ಕಥೆ: ಎಂಟು ಜನರಲ್ಲಿ ಏನೂ ಬದಲಾಗಿರಲಿಲ್ಲ, ನಾಲ್ವರ ರಕ್ತದಲ್ಲಿ ಹೆಪ್ಪು ತಡೆಯುವ ಔಷಧಿಯ ಮಟ್ಟ ಇಮ್ಮಡಿಯಾಗಿತ್ತು.

ಮುಖ್ಯ ವೈದ್ಯರು ಅಕ್ಕನನ್ನು ಕರೆಸಿದರು. “ಟ್ಯೂಬಿನ ಚೀಟಿ ಅದಲುಬದಲಾಗಿರ್ಬೇಕು. ಆಗಿದೆ ಅಂತ ಬರ್ಕೊಡಿ. ಆ ನಾಲ್ಕನ್ನ ಬಿಟ್ಟು ವರದಿ ಕಳಿಸೋಣ.”

ಒಂದೇ ಬೆಳಿಗ್ಗೆ ಎಪ್ಪತ್ತೆರಡು ಟ್ಯೂಬು. ಕೈ ತಪ್ಪಿಯೇ ಇಲ್ಲವೆಂದು ಆಣೆ ಹಾಕುವ ಧೈರ್ಯ ಅವಳಿಗಿರಲಿಲ್ಲ.

“ತಪ್ಪಾಗಿದ್ರೆ ಬರ್ಕೊಡ್ತೀನಿ ಸರ್. ಮೊದ್ಲು ಅವರನ್ನ ಒಂದ್ಸಲ ನೋಡ್ಬರ್ತೀನಿ.”

ವಾರ್ಡಿನಲ್ಲಿ ಆ ನಾಲ್ವರ ಪೈಕಿ ಇಬ್ಬರ ಮೊಣಕೈ ಒಳಗೆ, ಸೂಜಿ ಚುಚ್ಚಿದಲ್ಲಿ, ಅಂಗೈಯಗಲ ನೀಲಿಗಟ್ಟಿತ್ತು. ಮೂರನೆಯವನ ಕೈ ಚೆನ್ನಾಗಿತ್ತು. ನಾಲ್ಕನೆಯವನ, ಏಳನೇ ನಂಬರಿನ, ಹಾಸಿಗೆ ಖಾಲಿ. ಅದು ಗೋಡೆಗಳಿಗೆ ಬಣ್ಣ ಹೊಡೆಯುವ ಹುಡುಗನದು.

ಬಚ್ಚಲ ಬಾಗಿಲು ಒಳಗಿನಿಂದ ಹಾಕಿತ್ತು. “ತೆಗಿಯಪ್ಪ, ನಾನು ಅಕ್ಕ,” ಎಂದಳು. ತೆಗೆಯಲಿಲ್ಲ. ಮೂರನೇ ಸಲ ಬಡಿದಾಗ ಚಿಲಕ ಸರಿಯಿತು. ಮೂಗಿಗೆ ಒತ್ತಿಕೊಂಡಿದ್ದ ಟವೆಲು ಪೂರ್ತಿ ಕೆಂಪಾಗಿತ್ತು.

“ಯಾವಾಗಿಂದ?”

“ಬೆಳಗ್ಗೆಯಿಂದ ಅಕ್ಕ. ಹೇಳಿದ್ರೆ ದುಡ್ಡು ಕೊಡ್ದೆ ಮನೆಗೆ ಕಳಿಸಿಬಿಡ್ತಾರೆ ಅಂತ…”

“ತಲೆ ಹಿಂದಕ್ಕೆ ಹಾಕ್ಬೇಡ. ಮುಂದಕ್ಕೆ ಬಗ್ಗು.” ಅವನ ಮೂಗು ಅದುಮಿ ಹಿಡಿದೇ ಅವಳು ವೈದ್ಯರನ್ನು ಕೂಗಿದಳು. ಇಂಜೆಕ್ಷನ್ ಕೊಟ್ಟರೂ ರಕ್ತ ಬೇಗ ನಿಲ್ಲಲಿಲ್ಲ. ನಲವತ್ತು ನಿಮಿಷ ಅವಳ ಬೆರಳು ಸಡಿಲಾಗಲಿಲ್ಲ.

“ಇವನು ಎಷ್ಟನೇ ನಂಬರು?” ವೈದ್ಯರು ಮೆಲ್ಲಗೆ ಕೇಳಿದರು.

“ಏಳು ಸರ್. ನೀವು ಬಿಡೋಣ ಅಂದ್ರಲ್ಲ, ಆ ನಾಲ್ಕರಲ್ಲೊಬ್ಬ.”

ವೈದ್ಯರು ಎರಡೂ ಮಾತ್ರೆಗಳನ್ನು ಅಲ್ಲಿಗೇ ನಿಲ್ಲಿಸಿ, ಹನ್ನೆರಡೂ ಜನರ ರಕ್ತವನ್ನು ಹೊಸದಾಗಿ ತೆಗೆಸಿದರು. ಈ ಸಲ ಅಕ್ಕ ದೂರ ನಿಂತಳು; ಬೇರೆ ಇಬ್ಬರು ನರ್ಸುಗಳು ನಂಬರನ್ನು ಗಟ್ಟಿಯಾಗಿ ಓದಿ ಚೀಟಿ ಅಂಟಿಸಿದರು. ಆ ನಾಲ್ವರ ಪೈಕಿ ಮೂವರಲ್ಲಿ ಮಟ್ಟ ಹಾಗೆಯೇ ಏರಿತ್ತು. ಕೈ ಚೆನ್ನಾಗಿದ್ದವನಲ್ಲಿ ಮಾತ್ರ ಏರಿರಲಿಲ್ಲ.

ಅದು ಅವನ ಮೈಗುಣವೋ ತನ್ನ ಕೈತಪ್ಪೋ ಅವಳಿಗೆ ತಿಳಿಯಲಿಲ್ಲ. “ಈ ಒಂದು ಚೀಟಿ ತಪ್ಪಿರಬಹುದು, ಉಳಿದ ಮೂರು ಸರಿ,” ಎಂದು ಬರೆದು ಸಹಿ ಹಾಕಿದಳು. ಹನ್ನೆರಡೂ ಜನರ ಅಂಕಿಗಳ ಜೊತೆ ಆ ಕಾಗದವೂ ವರದಿಯಲ್ಲಿ ಹೋಯಿತು. ಬಣ್ಣದ ಹುಡುಗ ಮೂರನೇ ದಿನ, ಕರೆದೊಯ್ಯಲು ಬಂದ ತನ್ನಮ್ಮನ ಬೈಗುಳ ಕೇಳುತ್ತ ಮನೆಗೆ ನಡೆದ.