ಪೇಟ್ಲಕ್ಕೆ ಎಣ್ಣೆ ಬಿಟ್ಟದ್ದು

ಕಿರ್ರೆನ್ನುವ ಯಾವುದನ್ನು ಕಂಡರೂ ನನ್ನ ಕೈ ಎಣ್ಣೆಯ ಡಬ್ಬಿಗೆ ಹೋಗುತ್ತದೆ. ಹೊಲಿಗೆಯ ಕೆಲಸದಿಂದ ಅಂಟಿಕೊಂಡ ಚಾಳಿ ಇದು. ಎಪ್ಪತ್ತರ ದಶಕದಲ್ಲಿ ಕಡಬ ಪೇಟೆಯಲ್ಲಿ ಅಂಗಡಿ ತೆರೆದಾಗ ಮೊದಲು ಮೆಷಿನ್ನಿಗೆ, ಆಮೇಲೆ ಬಾಗಿಲಿಗೆ, ಬಾವಿಯ ರಾಟೆಗೆ, ಕೊನೆಗೆ ಗಿರಾಕಿಗಳ ಕೊಡೆಗಳಿಗೂ ಕೇಳದೆಯೇ ಎಣ್ಣೆ ಬಿಟ್ಟವನು ನಾನು. ಲೋಕದ ಎಲ್ಲ ತೊಂದರೆಗೂ ತಿಕ್ಕಾಟವೇ ಮೂಲ ಎಂಬುದು ನನ್ನ ಸಿದ್ಧಾಂತವಾಗಿತ್ತು.

ಆ ಸಿದ್ಧಾಂತ ಒಂದು ಕೃಷ್ಣಾಷ್ಟಮಿಯ ದಿನ ನಡುಬೀದಿಯಲ್ಲಿ ಸೋತಿತು. ಅಷ್ಟಮಿ ಎಂದರೆ ನಮಗೆ ಪೇಟ್ಲ: ಒಂದು ಬಿದಿರಿನ ಕೊಳವೆ, ಅದರೊಳಗೆ ತಳ್ಳಲು ಒಂದು ಕೋಲು. ಹಸಿ ಕಾಡುಕಾಯಿಯೊಂದನ್ನು ತುದಿಯವರೆಗೆ ದೂಡಿ, ಹಿಂದಿನಿಂದ ಇನ್ನೊಂದನ್ನು ನುಗ್ಗಿಸಬೇಕು. ನಡುವೆ ಸಿಕ್ಕಿಬಿದ್ದ ಗಾಳಿ ಮುಂದಿನ ಕಾಯಿಯನ್ನು ಠಪ್ಪೆಂದು ಹಾರಿಸುತ್ತದೆ. ಅಹಾ, ಆ ಸದ್ದು! ಎರಡು ಮಕ್ಕಳ ತಂದೆಯಾಗಿದ್ದರೂ ಅದನ್ನು ಕೇಳಿದರೆ ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಪಕ್ಕದ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ದೇವಕಿಯಕ್ಕನಿಗೆ ನಾನೇ ಸವಾಲು ಹಾಕಿದೆ. ಯಾರ ಪೇಟ್ಲದ ಸದ್ದು ಸಣ್ಣದೋ ಅವರು ಮುಂದಿನ ಅಷ್ಟಮಿಯವರೆಗೆ ಇನ್ನೊಬ್ಬರನ್ನು "ಗುರುಗಳೇ" ಎನ್ನಬೇಕು. ಯಾರಿಗೂ ಬಗ್ಗದ ನಾಲಿಗೆ ನನ್ನದು. ಪೇಟೆಯವರೆಲ್ಲ ಬೇರೆ ಸೇರಿದ್ದರು. ಗೆಲ್ಲಲೇಬೇಕಿತ್ತು. ಗುಟ್ಟಾಗಿ ಕೊಳವೆಯೊಳಗೆ ಮೆಷಿನ್ ಎಣ್ಣೆ ಬಿಟ್ಟೆ, ಸಾಲದೆಂದು ಮೇಣವನ್ನೂ ಉಜ್ಜಿದೆ. ಬಂದೂಕಿನ ವಿಜ್ಞಾನದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬೀಗಿದೆ.

ದೂಡಿದೆ. "ಪುಸ್" ಎಂದಿತು. ಕಾಯಿ ನನ್ನ ಕಾಲಬುಡಕ್ಕೇ ಉದುರಿತು. ಸುಬ್ರಹ್ಮಣ್ಯದ ಬಸ್ಸಿಗೆ ಕಾದವರು ಬಸ್ಸನ್ನೇ ಮರೆತು ನಕ್ಕರು.

ದೇವಕಿಯಕ್ಕ ದಿನವಿಡೀ ಬೀಡಿಯ ಬಿಗಿ ನೋಡುವ ಬೆರಳುಗಳಲ್ಲಿ ಕಾಯಿಗಳನ್ನು ಹೊರಳಿಸಿ ಎರಡನ್ನು ಆರಿಸಿದರು. ಎಣ್ಣೆಯಿಲ್ಲ, ಮೇಣವಿಲ್ಲ. ಠಪ್! ಎದುರಿನ ಹಂಚಿನ ಮಾಡಿನ ಮೇಲಿದ್ದ ಕಾಗೆಗಳೆಲ್ಲ ಎದ್ದುಹೋದವು.

"ಎಣ್ಣೆ ಎಂತಕ್ಕೆ ಮಾರಾಯ? ಗಾಳಿಗೆ ಸಿಟ್ಟು ಬರ್ಲಿಕ್ಕೆ ಸ್ವಲ್ಪ ಪುರುಸೊತ್ತು ಬೇಡ್ವಾ? ಕಾಯಿ ಗಟ್ಟಿ ಕೂತ್ರೆ ಮಾತ್ರ ಸದ್ದು ಉಂಟು," ಎನ್ನುತ್ತ ಎರಡು ಕಾಯಿ ಆರಿಸಿ, ತಮ್ಮ ಪೇಟ್ಲವನ್ನೇ ನನ್ನ ಕೈಗಿಟ್ಟರು.

ದೂಡಿದೆ, ಹೋಗಲಿಲ್ಲ. ಹಲ್ಲು ಕಚ್ಚಿ ದೂಡಿದೆ. ಠಪ್ಪೆಂದಿತು ನೋಡಿ! ನನ್ನದೇ ಅಂಗಡಿಯ ತಗಡಿನ ಬೋರ್ಡು ಗಣಗುಟ್ಟಿತು. ಸೋತದ್ದನ್ನು ಮರೆತು ಕುಣಿಯುತ್ತ, ಯಾರೂ ನೆನಪಿಸುವ ಮೊದಲೇ "ಗುರುಗಳೇ!" ಎಂದು ಕೂಗಿಬಿಟ್ಟೆ. ಅಷ್ಟು ಖುಷಿಯಾಗಿತ್ತು.

ಮರುವರ್ಷದ ಅಷ್ಟಮಿಗೆ ಕರಾರು ಮುಗಿಯಿತು. "ಇನ್ನು 'ಅಕ್ಕ' ಅಂತ ಕರೆದ್ರೆ ಸಾಕು ಮಾರಾಯ," ಎಂದು ಅವರೇ ಬಿಡುಗಡೆ ಕೊಟ್ಟರು. ನಾನೂ ಪ್ರಯತ್ನಪಟ್ಟೆ. ಆದರೆ ಆ "ಅಕ್ಕ" ಗಂಟಲಲ್ಲಿ ಗಟ್ಟಿ ಕೂತಿತ್ತು. ಎಷ್ಟು ದೂಡಿದರೂ ಹೊರಗೆ ಹಾರಿದ್ದು "ಗುರುಗಳೇ" ಎಂಬುದೇ.