ಗಿಟಾರಿನ ಮೈಮೇಲೆ ಗೋಕಾಕದ ಬಣ್ಣ

ಗೋಕಾಕದಲ್ಲಿ ನನ್ನದೊಂದು ವಾದ್ಯಗಳ ಅಂಗಡಿ ಇದೆ. ಸಂತೆಯಿಂದ ಸಂತೆಗೆ ಭಜನೆಯ ತಾಳ, ಗೆಜ್ಜೆ ಮಾರುತ್ತ ಶುರು ಮಾಡಿದವನು ನಾನು. ಗಿಟಾರು ನನ್ನ ಕೈಗೆ ಬಂದದ್ದು ಬಹಳ ತಡವಾಗಿ. ಅದನ್ನು ಬಾರಿಸಲು ಇವತ್ತಿಗೂ ಬರುವುದಿಲ್ಲ. ಆದರೆ ಗಿರಾಕಿ ಹೊಸ್ತಿಲು ದಾಟಿದೊಡನೆ ಅವನ ಕಣ್ಣು ಯಾವ ಗಿಟಾರಿನ ಮೇಲೆ ನಿಲ್ಲುತ್ತದೆ ಎಂದು ಹೇಳಬಲ್ಲೆ. ಮೂಡಲಗಿ ಕಡೆಯವರಿಗೆ ಹೊಳಪು ಬೇಕು: ಕಪ್ಪು ಮೈ, ಅಂಚಿನಲ್ಲಿ ಕೆಂಪು ಬೆಂಕಿ, ಸಾಧ್ಯವಾದರೆ ಒಂದು ಹದ್ದಿನ ಚಿತ್ರ. ಸಂಕೇಶ್ವರದವರು ಕೊಲ್ಲಾಪುರ, ಮಿರಜ ಸುತ್ತಿ ಬಂದವರು. ತಂಬೂರಿಗೆ ಕೂರಿಸಿದಂತೆ ನಡುವಿನ ತೂತಿನ ಸುತ್ತ ಚಿಪ್ಪಿನ ಕುಸುರಿ ಇದ್ದರಷ್ಟೇ ಕೈಗೆ ತೆಗೆದುಕೊಳ್ಳುತ್ತಾರೆ. ನಿಡಸೋಸಿಯ ಕಾಲೇಜಿನವರಿಗೆ ಇದ್ಯಾವುದೂ ಬೇಡ. ಕಟ್ಟಿಗೆಯ ಗೆರೆ ಕಾಣಬೇಕು, ಅದೇ ಅವರ ಶೃಂಗಾರ.

ನೀವೇನಾದರೂ ಕೊಳ್ಳಲು ಹೊರಟಿದ್ದರೆ ನನ್ನ ಮಾತು ಕೇಳಿ. ಮೊದಲು ಅಂಗಡಿಯವನಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ತಂತಿ ಮೀಟಿ. ಚೆಂದ ನೋಡುತ್ತ ನಿಂತವರ ಮುಖ ನೋಡಿಯೇ ನಾವು ಬೆಲೆ ಹೇಳುವುದು.

ಇಷ್ಟು ಬಲ್ಲ ನಾನೇ ಒಮ್ಮೆ ಚೆಂದಕ್ಕೆ ಮರುಳಾದೆ.

ಹುಕ್ಕೇರಿಯ ಸಾಲಿಯಲ್ಲಿ ಕಲಿಸುವ ಒಬ್ಬ ಶಿಕ್ಷಕಿ ತನ್ನ ಮೊದಲ ಪಗಾರದಲ್ಲಿ ನನ್ನ ಹತ್ತಿರವೇ ಒಂದು ಗಿಟಾರು ಕೊಂಡಿದ್ದಳು. ಚಿತ್ತಾರವಿಲ್ಲದ ಬೋಳು ಕಟ್ಟಿಗೆಯದು. ದಿನಾ ಬೆಳಿಗ್ಗೆ ಅದರ ದನಿ ಹಿಡಿದೇ ಮಕ್ಕಳಿಗೆ ಪ್ರಾರ್ಥನೆ ಹೇಳಿಸುತ್ತಿದ್ದಳು. ಬೇಸಿಗೆ ಸೂಟಿಯಲ್ಲಿ ಅವಳಿಗೆ ಲಗ್ನವಾಯಿತು. ಗಂಡ ಮೂಡಲಗಿಯವನು, ಟ್ರ್ಯಾಕ್ಟರ್ ಟ್ರಾಲಿಗಳಿಗೆ ಬಣ್ಣ ಹೊಡೆಯುವ ಗ್ಯಾರೇಜು ಅವನದು. ಸಾಲಿ ಶುರುವಾಗುವ ಮುಂಚೆ ತಂತಿ ಬದಲಿಸಲು ಇಬ್ಬರೂ ಅಂಗಡಿಗೆ ಬಂದರು.

“ಕಾಕಾರ, ಇದಕ್ಕ ಸ್ವಲ್ಪ ಬಣ್ಣಾನೂ ಹಾಕಿಸಿ ಕೊಡ್ರಿ. ವಿಧವಿ ಹಂಗ ಕಾಣತೈತಿ,” ಎಂದ ಅವನು.

“ನಿಮ್ಮ ಟ್ರಾಲಿ ಹಂಗ ಹಿಂದ ‘ಹಾರ್ನ್ ಹೊಡೀರಿ’ ಅಂತ ಬರಸೂನೇನ್ರಿ?” ಎಂದಳು ಅವಳು.

“ಬರಸಿದ್ರ ತಪ್ಪೇನ? ಒಂದು ಗಿಳಿ ಅಷ್ಟರ ಇರ್ಲಿ.”

ನಾನು ಚೌಕಾಸಿಯಲ್ಲಿ ಬದುಕಿದವನು. ಇಬ್ಬರನ್ನೂ ಅರ್ಧರ್ಧ ಒಪ್ಪಿಸುವುದೇ ನನ್ನ ಕಸುಬು. ನಮ್ಮ ಓಣಿಯಲ್ಲಿ ಕಟ್ಟಿಗೆ ಗೊಂಬೆಗೆ ಬಣ್ಣ ಬರೆಯುವ ಒಬ್ಬ ಹಿರಿಯ ಅಕ್ಕ ಇದ್ದಾರೆ. ಅವರು ಬಣ್ಣ ಬರೆದ ಕಟ್ಟಿಗೆಯ ಹಣ್ಣಿಗೂ ನೊಣ ಬಂದು ಕೂಡುತ್ತದೆ. “ಅವರ ಕಡಿಂದ ಮಾಡಸ್ತೀನಿ. ಏನರ ಆದ್ರ ನಾ ಜವಾಬ್ದಾರ,” ಎಂದೆ. ಶಿಕ್ಷಕಿ ಬಹಳ ಹೊತ್ತು ಗಂಡನ ಮುಖ ನೋಡಿದಳು. ಆಮೇಲೆ ಗಿಟಾರನ್ನು ನನ್ನ ಕೈಗೆ ಕೊಟ್ಟಳು.

ತಂತಿ ಬಿಚ್ಚಿ ಅಕ್ಕನ ಮುಂದಿಟ್ಟು ನಾನು ಹೇಳಿದ್ದು ಒಂದೇ ಮಾತು: “ಗೊಂಬಿಗೆ ಮಾಡಿದಂಗಽ ಮಾಡ್ರಿ.” ಅವರು ಹಾಗೆಯೇ ಮಾಡಿದರು. ಗೊಂಬೆಗೆ ಬಣ್ಣ ಕೂಡಬೇಕಾದರೆ ಮೊದಲು ಹುಣಸೆಬೀಜದ ಅಂಟಿನಲ್ಲಿ ಬಿಳಿಮಣ್ಣು ಕಲಸಿ ಮೈತುಂಬ ಮೆತ್ತುತ್ತಾರೆ. ಗಿಟಾರಿನ ಹೊಳಪನ್ನು ಉಜ್ಜಿ ತೆಗೆದು, ಅದರ ಮುಖಕ್ಕೆಲ್ಲ ಎರಡು ಸಲ ಮೆತ್ತಿ ಒಣಗಿಸಿದ್ದರು. ನಾನು ಹೋಗಿ ನೋಡಿದಾಗ ಅದು ಸುಣ್ಣದ ಗೋಡೆಯಷ್ಟು ಬೆಳ್ಳಗಿತ್ತು. ಯಾಕೋ ಅನುಮಾನ ಬಂದು ಒಂದು ತಂತಿ ಕಟ್ಟಿ ಮೀಟಿದೆ. ತುಂಬಿದ ಚೀಲಕ್ಕೆ ಹೊಡೆದಂತೆ ‘ದಪ್’ ಎಂದಿತು.

ತಪ್ಪು ಅವರದಲ್ಲ. ಗೊಂಬೆ ಮಾತಾಡಬೇಕಾಗಿಲ್ಲ, ಗಿಟಾರಿನ ಮುಖದ ಹಲಗೆ ನಡುಗಿದರೇ ಮಾತು. ಇದನ್ನು ಹೇಳಬೇಕಾಗಿದ್ದವನು ನಾನು. ಶಿಕ್ಷಕಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ, ಅಂಗಡಿಯಲ್ಲಿ ಬೇಕಾದ ಹೊಸ ಗಿಟಾರು ಒಯ್ಯಿರಿ ಎಂದೆ.

“ಹೊಸಾದು ಬ್ಯಾಡ್ರಿ ಕಾಕಾರ. ನಂದು ನನಗ ಕೊಡ್ರಿ,” ಎಂದಳು. ಸಿಟ್ಟಿನ ದನಿಯಾಗಿದ್ದರೆ ನಿಭಾಯಿಸುತ್ತಿದ್ದೆ. ಅದು ಸಿಟ್ಟಲ್ಲ.

ಅಕ್ಕ ಇದನ್ನು ಕೇಳಿಸಿಕೊಂಡು, “ತಮ್ಮಾ, ಬಾಜೂ ಸರಿ,” ಎಂದು ನನ್ನನ್ನು ಪಕ್ಕಕ್ಕೆ ಸರಿಸಿದರು. ಒದ್ದೆ ಬಟ್ಟೆ ಹಿಂಡಿ ಒರೆಸತೊಡಗಿದರು. ನೀರು ಹೆಚ್ಚಾದರೆ ಹಲಗೆ ಉಬ್ಬುತ್ತದೆ, ಕಡಿಮೆಯಾದರೆ ಅಂಟು ಬಿಡುವುದಿಲ್ಲ. ಮೂರು ದಿನ ಹಿಡಿಯಿತು. ನಾನು ಬೆರಗಾದದ್ದು ಅವರ ತಾಳ್ಮೆಗಲ್ಲ. ಅಂಗೈಯಗಲ ಒರೆಸುವುದು, ಅಲ್ಲಿ ಉಗುರಿನಿಂದ ಬಡಿದು ತಲೆ ಓರೆ ಮಾಡಿ ಕೇಳುವುದು. ಗೊಂಬೆಯ ಕಟ್ಟಿಗೆಯಲ್ಲಿ ಬಿರುಕಿದೆಯೋ ಎಂದು ಹೀಗೆಯೇ ಬಡಿದು ತಿಳಿಯುವ ಅಭ್ಯಾಸವಂತೆ. “ಇಲ್ಲಿ ಒಳಗ ಪಟ್ಟಿ ಐತಿ, ಬಿರುಸು. ಇದು ಹಾಡೂ ಜಾಗಾ, ಮುಟ್ಟಬಾರ್ದು,” ಎಂದು ಸೀಸದ ಕಡ್ಡಿಯಿಂದ ಗೆರೆ ಎಳೆದರು. ಇಷ್ಟು ವರ್ಷ ಗಿಟಾರು ಮಾರಿದವನಿಗೆ ಅದರ ಒಳಗೆ ಹಲಗೆಗೆ ಆಧಾರವಾಗಿ ಅಂಟಿಸಿದ ಪಟ್ಟಿಗಳ ನಕಾಶೆ ಗೊತ್ತಿರಲಿಲ್ಲ. ಜೀವನದಲ್ಲಿ ಗಿಟಾರು ಮುಟ್ಟದ ಅಕ್ಕ ಉಗುರಿನಲ್ಲಿ ಅದನ್ನು ಬರೆದಿಟ್ಟರು.

ಆಮೇಲೆ ಬಿಳಿಮಣ್ಣು ಮೆತ್ತದೆ ಬರಿ ಕಟ್ಟಿಗೆಯ ಮೇಲೆ, ಅಂಚಿಗೆ ಮಾತ್ರ ಬಳ್ಳಿ ಬರೆದರು, ತೂತಿನ ಸುತ್ತ ಕೂದಲೆಳೆಯಷ್ಟು ಸಣ್ಣ ಹೂವು. ಕೆಳಗೆ ಮೂಲೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡದೊಂದು ಗಿಳಿ. ಅಂಥ ಹಸಿರು ನಾನು ಕಂಡಿರಲಿಲ್ಲ. ಈಗ ಹಾರುತ್ತದೆ, ಈಗ ಹಾರುತ್ತದೆ ಎನಿಸಿತು.

ಸಾಲಿ ಶುರುವಾಗುವ ಹಿಂದಿನ ದಿನ ಗಂಡಹೆಂಡಿರು ಬಂದರು. ಅಕ್ಕನನ್ನೂ ಕರೆಸಿದ್ದೆ. ಅವನು ಗಿಳಿ ನೋಡಿ, “ಭಾರೀ ಆಗೈತಿ ಬಿಡ್ರಿ!” ಎಂದ. ಅವಳು ಏನನ್ನೂ ನೋಡಲಿಲ್ಲ. ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಆರೂ ತಂತಿ ಮೀಟಿದಳು. ದನಿ ಬಂದಿತ್ತು. ನಾನು ನಿರಾಳವಾಗಿ ಉಸಿರು ಬಿಡುವಷ್ಟರಲ್ಲಿ ಅವಳು ದಪ್ಪ ತಂತಿಯೊಂದನ್ನೇ ಮತ್ತೆ ಮತ್ತೆ ಮೀಟಿದಳು.

“ಸಾಕಷ್ಟು ಬಂದೈತ್ರಿ,” ಎಂದಳು ಮೆಲ್ಲಗೆ. ಸುಳ್ಳು ಹೇಳಲು ಬಾರದ ಮುಖ.

“ಇನ್ನೊಮ್ಮಿ ಬಾರಸ ಯವ್ವಾ,” ಎಂದರು ಅಕ್ಕ. ಕೇಳಿದರು. “ಖರೆ ಐತಿ, ದನಿ ಪೂರಾ ಬಿಟ್ಟಿಲ್ಲ. ಗಿಳಿ ಕೆಳಗ ಸ್ವಲ್ಪ ಬಿಳಿಮಣ್ಣು ಮೆತ್ತಿದ್ದೆ. ಇಲ್ಲಾಂದ್ರ ಆ ಹಸಿರು ಏಳತಿರ್ಲಿಲ್ಲ.” ಎಂದವರೇ ಸೆರಗಿನ ತುದಿಯನ್ನು ನನ್ನ ತಂಬಿಗೆಯ ನೀರಿನಲ್ಲಿ ಅದ್ದಿ ಹಿಂಡಿದರು.

“ಆಯೀ, ಬ್ಯಾಡ! ಗಿಳಿ ಅಳಿಸಿ ಹೋಗತೈತಿ!” ಎಂದ ಗಂಡ. ನಾನೂ ಕೈ ಅಡ್ಡ ಒಡ್ಡಿದೆ.

“ಗಿಳಿ ನಾ ನಾಳೆ ಇನ್ನೊಂದು ಬರೀತೀನಿ, ನಿನ್ನ ಗ್ಯಾರೇಜಿನ ಬಾಗಿಲಿಗೆ,” ಎಂದು ಒರೆಸಿಯೇಬಿಟ್ಟರು. ಸೆರಗು ಹಸಿರಾಯಿತು. ಬೆತ್ತಲೆ ಕಟ್ಟಿಗೆಯ ಒಂದು ಚುಕ್ಕೆ ಉಳಿಯಿತು.

ಚುಕ್ಕೆ ಒಣಗುವವರೆಗೆ ಕಾದೆವು. ಆಮೇಲೆ ಅವಳು ಅದೇ ದಪ್ಪ ತಂತಿ ಮೀಟಿದಳು. ಅಂಗಡಿಯ ಗೋಡೆಗೆ ತೂಗುಹಾಕಿದ್ದ ಗಿಟಾರುಗಳೆಲ್ಲ ಒಳಗೊಳಗೇ ಸಣ್ಣಗೆ ಮಿಡಿದವು. ಅವಳು ಪ್ರಾರ್ಥನೆಯ ಮೊದಲ ಸಾಲು ಹಿಡಿದಳು, ಕಣ್ಣು ತೆರೆಯದೆಯೇ.