ಆ ಮದ್ದಲ್ಲ, ಡಾಕ್ಟ್ರೇ!

ಬೆಳಿಗ್ಗೆ ಹತ್ತೂಕಾಲು. ನನ್ನ ಅಕ್ಕನ ಮಗಳು ವಾರಿಜ ತನ್ನ ಏಳು ವರ್ಷದ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಒತ್ತಕ್ಷರವನ್ನು ತಪ್ಪಿಲ್ಲದೆ ಓದಿದಳು. ಎಲ್ಲ ಕೆಡಲು ಶುರುವಾದದ್ದು ಅಲ್ಲಿಂದಲೇ.

ನಗಬೇಡಿ. ಇದನ್ನು ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. (ಅಕ್ಷರ ಸೊಟ್ಟಗಿದ್ದರೆ ಪ್ರೆಸ್ಸಿನವರು ಕ್ಷಮಿಸಬೇಕು.)

ಅಕ್ಕನ ಮನೆ ಕೋಡಿಂಬಾಳದಲ್ಲಿ. ಶಾಲೆ ಹೊಳೆಯ ಆಚೆ. ಹೊಳೆಗೆ ಅಡ್ಡಲಾಗಿ ಇರುವುದು ಮರದ ದಿಮ್ಮಿ ಹಾಸಿದ ಒಂದು ಸಂಕ. ನೀರು ಏರಿದರೆ ಆ ಸಂಕ ಎಲ್ಲಿದೆಯೆಂದು ಕಾಲಿನಿಂದ ತಡಕಿ ತಿಳಿಯಬೇಕು. ವಾರಿಜಳನ್ನು ಶಾಲೆಗೆ ಸೇರಿಸಿದ ವಾರ ಪೂರ್ತಿ ಅಕ್ಕ ದಡದಲ್ಲಿ ಎದೆ ಹಿಡಿದುಕೊಂಡು ನಿಂತಳು. ವಾರದ ಕೊನೆಗೆ ಭಾವ ಘೋಷಿಸಿದರು: "ಶಾಲೆ ಇನ್ನು ಮನೆಯಲ್ಲೇ. ಮೇಷ್ಟ್ರು ನಾನೇ."

ಭಾವನ ಮೆಥಡ್ ಸರಳ. ಹಳೆಯ ಕ್ಯಾಲೆಂಡರನ್ನು ಚೀಟಿ ಚೀಟಿಯಾಗಿ ಕತ್ತರಿಸುವುದು, ಅದರ ಬೆನ್ನಿಗೆ ದಪ್ಪ ಅಕ್ಷರದಲ್ಲಿ ವಸ್ತುವಿನ ಹೆಸರು ಬರೆಯುವುದು, ಅನ್ನದ ಅಗುಳು ತಿಕ್ಕಿ ಆ ವಸ್ತುವಿಗೇ ಅಂಟಿಸುವುದು. ಕಂಬ. ಬಾಗಿಲು. ಮಣೆ. ಕೊಡ. ಇಡೀ ಮನೆಯೇ ಒಂದನೇ ಕ್ಲಾಸಿನ ಪುಸ್ತಕ! ನಾಲ್ಕು ದಿನ ಇರೋಣವೆಂದು ನಾನು ಹೋದರೆ, ಒಳಗೆ ಕಾಲಿಡುವ ಮೊದಲೇ ನನ್ನ ಕೊಡೆಯ ಮೇಲೆ 'ಕೊಡೆ' ಬಂದು ಕುಳಿತಿತ್ತು. ಹಟ್ಟಿಯಲ್ಲಿ ಕೋಡಿಗೆ ಕಟ್ಟಿದ್ದ 'ದನ' ಎಂಬ ಚೀಟಿಯನ್ನು ಮಾತ್ರ, ಕಳಚಿ ಬಿದ್ದಾಗ, ದನವೇ ತಿಂದಿತ್ತಂತೆ.

ಮಕ್ಕಳ ಮನಶ್ಶಾಸ್ತ್ರ ಓದಿ ಡಿಗ್ರಿ ತಂದವಳು ನಾನು. ಭಾವನ ಮೆಥಡ್ಡಿಗೆ ಆ ಡಿಗ್ರಿಯ ಮುದ್ರೆಯನ್ನೂ ಒತ್ತಿದೆ. "ಫಸ್ಟ್ ಕ್ಲಾಸ್, ಭಾವ!" ಎಂದೆ. ಅವರು ಮೀಸೆಯಡಿಯಲ್ಲಿ ನಕ್ಕರು.

ಇನ್ನು ಹತ್ತೂಕಾಲಿಗೆ ಬರುತ್ತೇನೆ.

ವಾರಿಜಳ ತಮ್ಮ ಸೀನನಿಗೆ ನಾಲ್ಕು ವರ್ಷ, ಅಂದು ಕೆಮ್ಮು. ಭಾವ ಗದ್ದೆಗೆ ಹೋಗಿದ್ದರು. ಅಕ್ಕ ಅಕ್ಕಿ ತೊಳೆದ ನೀರನ್ನು ಬಕೆಟ್ಟಿಗೆ ತುಂಬುತ್ತಿದ್ದಳು, ದನಕ್ಕೆ ಕೊಡಲು. ನಾನು ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದೆ. ಆಗ ಒಳಗಿನಿಂದ ದನಿ ಕೇಳಿತು.

"ಮ... ದ... ದಕ್ಕೆ ದ ಒತ್ತು... ಮದ್ದು! ಸೀನ, ಮದ್ದು ಸಿಕ್ಕಿತು! ಬಾಯಿ ತೆರಿ."

ಒತ್ತಕ್ಷರ! ಹಿಂದಿನ ದಿನವಷ್ಟೇ ಕಲಿಸಿದ್ದು! ಬೆನ್ನು ತಟ್ಟೋಣವೆಂದು ನಾನು ನಗುತ್ತಲೇ ಅಡಿಗೆಮನೆಗೆ ಹೋದೆ.

ಅಲ್ಲಿ ಕಂಡದ್ದನ್ನು ಈಗಲೂ ದಿನಕ್ಕೆ ಹಲವು ಸಲ ಕಾಣುತ್ತಿದ್ದೇನೆ. ಕೇಳದೆಯೇ ಬರುತ್ತದೆ. ಊಟ ಮಾಡುವಾಗ, ಬಸ್ಸಿನಲ್ಲಿ ಕುಳಿತಾಗ.

ಕಡೆಯುವ ಕಲ್ಲನ್ನು ಹತ್ತಿ ವಾರಿಜ ಒಲೆಯ ಮೇಲಿನ ಹಲಗೆಯಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದ್ದಾಳೆ. ಅದರ ಮೇಲೆ ಭಾವನ ಕೈಬರಹದಲ್ಲಿ 'ಮದ್ದು'. ಮುಚ್ಚಳ ತೆರೆದ ಡಬ್ಬಿ ಒಲೆಯ ದಂಡೆಯಲ್ಲಿ ಇದೆ. ಅವಳ ಕೈಯಲ್ಲಿ ಕಬ್ಬಿಣದ ಸೌಟು, ಸೌಟಿನ ತುಂಬ ಕಪ್ಪು ಪುಡಿ. ಸೌಟಿನ ಕೆಳಗೆ ಕೆಂಡ. ಪಕ್ಕದಲ್ಲಿ ಸೀನ ಹಕ್ಕಿಮರಿಯ ಹಾಗೆ ಬಾಯಿ ತೆರೆದು ನಿಂತಿದ್ದಾನೆ.

ಅದು ಕೋವಿಗೆ ತುಂಬುವ ಮದ್ದು.

ಕಾಡುಹಂದಿ ಓಡಿಸಲು ಭಾವನಲ್ಲಿ ಲೈಸೆನ್ಸಿನ ಕೋವಿಯೊಂದಿದೆ. ಮಳೆ ಸುರಿಯುವ ಆಟಿ ತಿಂಗಳ ತೇವಕ್ಕೆ ಅದರ ಮದ್ದು ಕೆಡುತ್ತದೆಂದು ಒಲೆಯ ಮೇಲಿನ ಹಲಗೆಯಲ್ಲಿ ಬೆಚ್ಚಗೆ ಇಟ್ಟಿದ್ದರು. ಇಟ್ಟ ಮೇಲೆ, ಮೇಷ್ಟ್ರಲ್ಲವೇ, ಚೀಟಿಯನ್ನೂ ಅಂಟಿಸಿದ್ದರು. ಕೆಮ್ಮಿನ ಪುಡಿಯ ಬಾಟ್ಲಿ ಅದರ ಪಕ್ಕದಲ್ಲೇ ಇತ್ತು. ಅದರ ಚೀಟಿಯಲ್ಲಿ 'ಕಷಾಯ' ಎಂದಿತ್ತು. ವಾರಿಜಳ ಪಾಠ ಇನ್ನೂ 'ಷ'ದವರೆಗೆ ಬಂದಿರಲಿಲ್ಲ! ಓದಲು ಬರುವುದನ್ನು ಅವಳು ತೆಗೆದುಕೊಂಡಳು. ನೀವಾದರೂ ಅದನ್ನೇ ಮಾಡುತ್ತಿದ್ದಿರಿ. ಕೆಮ್ಮಿನ ಮದ್ದನ್ನು ಅಮ್ಮ ಸೌಟಿನಲ್ಲಿ ಬಿಸಿ ಮಾಡಿಯೇ ಕೊಡುವುದು. ಅದೂ ಕಪ್ಪು, ಇದೂ ಕಪ್ಪು.

ಕೂಗಿದರೆ ಹುಡುಗಿ ಬೆಚ್ಚಿ ಸೌಟು ಬಿಡುತ್ತಾಳೆ. ಕೂಗದಿದ್ದರೆ? ತುದಿಗಾಲಲ್ಲಿ ಅವಳತ್ತ ಒಂದು ಹೆಜ್ಜೆ ಇಟ್ಟೆ.

ಸೌಟು ಸ್ವಲ್ಪ ವಾಲಿತು. ನಾಲ್ಕು ಕಾಳು ಕೆಂಡಕ್ಕೆ ಬಿದ್ದವು.

ಬುಸ್!

ಬಿಳಿ ಹೊಗೆ, ವಾರಿಜಳ ಕಿರಿಚಾಟ, ಹಿಂದೆಯೇ ಧಡಾರನೆ ನೀರು. ಹಿಂಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ಖಾಲಿ ಬಕೆಟ್. ದನಕ್ಕೆ ಹೋಗಬೇಕಾದ ನೀರು ಒಲೆಯ ಮೇಲೆ, ಡಬ್ಬಿಯ ಮೇಲೆ, ಮಕ್ಕಳ ಮೇಲೆ, ನನ್ನ ಇಸ್ತ್ರಿ ಮಾಡಿದ ಸೀರೆಯ ಮೇಲೆ. ಒಲೆ ಸತ್ತಿತು. ವಾರಿಜಳ ಎಡ ಹುಬ್ಬು ಸುಟ್ಟು ಮಾಯವಾಗಿತ್ತು. ಕಣ್ಣು ಉಳಿದಿತ್ತು. ಡಬ್ಬಿಯ ಮದ್ದು ಕೆಸರಾಗಿತ್ತು.

ಅಕ್ಕ ಇಬ್ಬರನ್ನೂ ಅಪ್ಪಿಕೊಂಡು ಅಳುತ್ತಿದ್ದರೆ ಸೀನ ಸಿಟ್ಟಿನಿಂದ ಕೇಳಿದ: "ನನ್ನ ಮದ್ದು ಎಂತಕೆ ಚೆಲ್ಲಿದ್ದು?"

ಆಗ ಕಂಡಿತು, ಅವನ ನಾಲಗೆ. ಕಪ್ಪಗಿತ್ತು.

"ತಿಂದಿದ್ದೀಯಾ ಮಗಾ?" ಅಕ್ಕ ಅವನ ಗಲ್ಲ ಹಿಡಿದು ಕೇಳಿದಳು.

"ಸ್ವಲ್ಪ ನೆಕ್ಕಿದೆ. ಉಪ್ಪುಪ್ಪು ಉಂಟು."

ಆಮೇಲೆ ಯಾರು ಓಡಿದರು, ಯಾರು ಭಾವನನ್ನು ಕರೆತಂದರು, ನನಗೆ ನೆನಪಿಲ್ಲ. ಹತ್ತಿರದಲ್ಲಿ ಜೀಪು ಇದ್ದದ್ದು ಕಾಳುಮೆಣಸಿನ ವ್ಯಾಪಾರದ ಅದ್ರಾಮಣ್ಣನಲ್ಲಿ ಮಾತ್ರ. ಅವರು ಬೆಳಗಿನ ಗಂಜಿ ಉಣ್ಣುತ್ತಿದ್ದ ಕೈಯನ್ನು ಲುಂಗಿಗೆ ಒರಸಿಕೊಂಡೇ ಬಂದರು. ಪುತ್ತೂರಿನವರೆಗೆ ಗುಂಡಿ ಬಿದ್ದ ರಸ್ತೆ. ಒಂದೊಂದು ಕುಲುಕಿಗೂ ಅಕ್ಕ ಸೀನನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದಳು. (ಎಲ್ಲಿ ಸಿಡಿಯುತ್ತದೋ ಎಂದು. ಆಗ ನನಗೂ ಅದು ತಮಾಷೆಯಾಗಿ ಕಾಣಲಿಲ್ಲ.)

ಅದ್ರಾಮಣ್ಣ ಸ್ಟಿಯರಿಂಗ್ ತಿರುಗಿಸುತ್ತಲೇ ಗೊಣಗಿದರು: "ಶಾಲೆಗೆ ಕಳಿಸಿದ್ರೆ ಹೊಳೆ, ಮನೆಯಲ್ಲಿ ಕೂರಿಸಿದ್ರೆ ಕೋವಿ. ಈ ಮಕ್ಕಳನ್ನು ಎಲ್ಲಿ ಇಡುದು ಮಾರಾಯ್ರೆ?"



ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಮಗು ಎಂತ ತಿಂದದ್ದು?"

"ಮದ್ದು," ಎಂದರು ಭಾವ.

"ಒಳ್ಳೆಯದಾಯ್ತಲ್ಲ. ಯಾರು ಕೊಟ್ಟದ್ದು?"

"ಅಕ್ಕ ಕೊಟ್ಟದ್ದು. ಏಳು ವರ್ಷ."

"ಯಾವುದಕ್ಕೆ ಕೊಟ್ಟದ್ದು?"

"ಕೆಮ್ಮಿಗೆ. ಆದರೆ ಅದು ಹಂದಿಗೆ ಇಟ್ಟದ್ದು."

ಡಾಕ್ಟರು ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದರು. "ಹಂದಿಗೆ ಕೆಮ್ಮಾ?"

"ಆ ಮದ್ದಲ್ಲ ಡಾಕ್ಟ್ರೇ! ಕೋವಿ ಮದ್ದು! ಢಂ ಅನ್ನುವ ಮದ್ದು!"

ಡಾಕ್ಟರು ನಾಲಗೆ ನೋಡಿದರು, ಹೊಟ್ಟೆ ಒತ್ತಿದರು, ನೀರು ಕುಡಿಸಿದರು, ವಾರಿಜಳ ಹುಬ್ಬಿಗೆ ಮುಲಾಮು ಹಚ್ಚಿದರು. ಬಹಳ ಹೊತ್ತು ನಮ್ಮನ್ನು ಅಲ್ಲೇ ಕೂರಿಸಿಕೊಂಡರು. ಆಮೇಲೆ, "ನೆಕ್ಕಿದ್ದು ಸ್ವಲ್ಪ, ಹೆದರಬೇಡಿ. ಆದರೂ ಕೆಲವು ದಿನ ಕಣ್ಣಿಡಿ," ಎಂದರು. ಹೊರಡುವಾಗ ಸೇರಿಸಿದರು: "ಒಲೆಯ ಹತ್ತಿರ ಕೆಮ್ಮಲು ಬಿಡಬೇಡಿ." ಅದು ಜೋಕ್. ಅಕ್ಕ ಅದನ್ನು ಚಾಚೂ ತಪ್ಪದೆ ಪಾಲಿಸಿದಳು.

ಮನೆಗೆ ಬಂದ ಮೇಲೆ ನಿಜವಾದ ಸಿಡಿತ.

"ಮದ್ದು ಅಂತ ಬರೆದದ್ದು ಯಾರು?" ಅಕ್ಕ ಕೇಳಿದಳು.

"ಮದ್ದನ್ನು ಮದ್ದು ಅಂತ ಬರೆಯದೆ ಉಪ್ಪಿನಕಾಯಿ ಅಂತ ಬರೆಯುದಾ?"

"ನಿಮ್ಮ ಶಾಲೆ ಸಾಕು. ಓದು ಬಾರದಿದ್ದರೂ ಅಡ್ಡಿಯಿಲ್ಲ, ಮಕ್ಕಳು ಬದುಕಿರಲಿ."

ಭಾವ ಕಂಬದಿಂದ ಶುರುಮಾಡಿ ಒಂದೊಂದೇ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು. ಒಂದೇ ಹುಬ್ಬಿನ ವಾರಿಜ ಅವರ ಹಿಂದೆಯೇ ನಡೆಯುತ್ತಿದ್ದಳು. ಕೊನೆಗೆ ಕೇಳಿದಳು: "ಅಪ್ಪ, ನಾನು ಓದಿದ್ದು ತಪ್ಪಾ?"

ಹೇಳಿ, ಏನೆಂದು ಉತ್ತರಿಸುವುದು? ತಪ್ಪು ಎಂದರೆ ಸುಳ್ಳು. ಸರಿ ಎಂದರೆ ಹುಬ್ಬು ಎಲ್ಲಿ? ಅಲ್ಲಿದ್ದ ದೊಡ್ಡವರು ಮೂವರು. ಮೂವರೂ ಸೀಲಿಂಗ್ ನೋಡಿದೆವು.

ಅಂದಿನಿಂದ ಹುಡುಗಿ ಓದುವುದನ್ನು ನಿಲ್ಲಿಸಿದಳು. ಹೊಡೆದು ನಿಲ್ಲಿಸಿದ್ದಲ್ಲ, ಗದರಿಸಿಯೂ ಅಲ್ಲ. ಪತ್ರಿಕೆಯ ದೊಡ್ಡ ಅಕ್ಷರ ತೋರಿಸಿದರೂ ಮುಖ ಆಚೆ ತಿರುಗಿಸುತ್ತಿದ್ದಳು. ನನ್ನ ನಾಲ್ಕು ದಿನದ ಭೇಟಿ ಬೆಳೆಯುತ್ತಾ ಹೋಯಿತು. ಬಿಟ್ಟು ಬರಲು ಕಾಲು ಏಳಲಿಲ್ಲ. ಮನೆಯಲ್ಲಿ ನಿದ್ದೆ ಎಂಬುದೇ ಇಲ್ಲ. ಸೀನ ಕೆಮ್ಮಿದರೆ ಎಲ್ಲರೂ ಎದ್ದು ಕೂರುವುದು. ಕೆಮ್ಮದಿದ್ದರೆ, ಯಾಕೆ ಕೆಮ್ಮಲಿಲ್ಲ ಎಂದು ಎದ್ದು ಕೂರುವುದು. ಉಳಿದ ಮದ್ದು ಗದ್ದೆಯ ಕೆಸರಿಗೆ ಸೇರಿ ಎಷ್ಟೋ ದಿನ ಆಗಿದ್ದರೂ ಭಾವ ಸಕ್ಕರೆ ಡಬ್ಬಿಯನ್ನೂ ಮೂಸಿ ನೋಡುತ್ತಿದ್ದರು.

ಒಂದು ಸಂಜೆ ಅಕ್ಕ ಒಳಗಿನಿಂದ ಕೂಗಿದಳು: "ವಾರಿಜ, ಎಣ್ಣೆ ತಾ!"

"ಯಾವ ಎಣ್ಣೆ?" ಎಂದಳು ಹುಡುಗಿ. "ದೀಪಕ್ಕೆ ಹಾಕುದಾ, ತಲೆಗೆ ಹಾಕುದಾ, ಒಗ್ಗರಣೆಗಾ?"

ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು.

ವಾರಿಜ ನಿಲ್ಲಿಸಲಿಲ್ಲ. ಸುಣ್ಣ ಅಂದರೆ ಗೋಡೆಗಾ, ಎಲೆಗಾ? ಹಾಲು ಅಂದರೆ ದನದ್ದಾ, ಆಚೆಮನೆಯ ರಬ್ಬರ್ ಮರದ್ದಾ? ಕುದುರೆ ಅಂದರೆ ಓಡುದಾ, ಕೋವಿಯಲ್ಲಿ ಬೆರಳಿಂದ ಎಳೆಯುದಾ? ಅಷ್ಟು ದಿನವೂ ಹುಡುಗಿ ಸುಮ್ಮನಿರಲಿಲ್ಲ! ಮನೆಯ ಮಾತುಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ, ಅವುಗಳ ಬೆನ್ನ ಹಿಂದೆ ಏನಿದೆಯೆಂದು ನೋಡುತ್ತಿದ್ದಳು.

ಭಾವ ಮೆಲ್ಲಗೆ ಪೆನ್ಸಿಲ್ ತಂದರು. "ನೀನೇ ಹೇಳು. ಎಂತ ಬರೆಯುದು?"

ವಾರಿಜ ಅಮ್ಮನ ಮುಖ ನೋಡಿದಳು. ಅಕ್ಕ ಸೆರಗಿನಿಂದ ಮೂಗು ಒರಸಿಕೊಂಡು, "ಅಪ್ಪ ಬರೆಯಲಿ. ಮೊದಲು ನನ್ನಲ್ಲಿ ಕೇಳಿ ಬರೆಯಲಿ," ಎಂದಳು.

'ದೀಪದ ಎಣ್ಣೆ. ಕುಡಿಯುದಲ್ಲ.' ಭಾವ ಬರೆದರು, ವಾರಿಜ ಬೆರಳಿಟ್ಟು ಓದಿದಳು. ಓದಿ, "ಸೀನನಿಗೆ ಓದಲು ಬರುದಿಲ್ಲ. ಅದನ್ನು ಮೇಲೆ ಇಡಿ," ಎಂದಳು.

ಅಂದು ರಾತ್ರಿ ಸೀನ ಎರಡು ಸಲ ಕೆಮ್ಮಿದನಂತೆ, ಮರುದಿನ ಅವನೇ ಹೇಳಿದ. ಯಾರಿಗೂ ಕೇಳಲಿಲ್ಲ. ಬೆಳಗಿನ ತನಕ ಮನೆಯವರೆಲ್ಲ ಮಲಗಿದಲ್ಲೇ ಇದ್ದೆವು.

ಹೊಳೆಯ ಆಚೆಯ ಶಾಲೆಯಲ್ಲಿ ಇಷ್ಟೊಂದು ಪ್ರಶ್ನೆ ಕೇಳಲು ಯಾವ ಮೇಷ್ಟ್ರು ಬಿಡುತ್ತಿದ್ದರು, ಹೇಳಿ?